ಬಳ್ಳಾರಿ ಬಿಸಿಲಿಗೆ ರೇಸ್ ಕಾರು ಅಣಿ ಮಾಡುವುದು

ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 490 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಶೇ 5ರಿಂದ 6ರಷ್ಟು ಕಡಿಮೆ ಇರುತ್ತದೆ. ಬೇಸಿಗೆಯ ಮಧ್ಯಾಹ್ನ ಬಿಸಿಲು 42 ಡಿಗ್ರಿ ಮುಟ್ಟಿದರೆ, 20 ಡಿಗ್ರಿಯ ತಂಪು ಗಾಳಿಗಿಂತ ಸಾಂದ್ರತೆ ಮತ್ತೂ ಶೇ 7ರಷ್ಟು ಇಳಿಯುತ್ತದೆ. ಎರಡೂ ಸೇರಿದರೆ ಟರ್ಬೊ ಇಲ್ಲದ ಎಂಜಿನ್ನಿಗೆ ಸಿಗಬೇಕಾದ ಆಮ್ಲಜನಕದಲ್ಲಿ ಹೆಚ್ಚುಕಡಿಮೆ ಎಂಟನೇ ಒಂದು ಪಾಲು ಇಲ್ಲ, ಅಷ್ಟೇ ಪ್ರಮಾಣದ ಶಕ್ತಿಯೂ ಇಲ್ಲ.

ಹಳೆಯ ಜಿಪ್ಸಿ, ಎಸ್ಟೀಮ್, ಜೆನ್ ಕಾರುಗಳನ್ನು ಮನೆಯ ಶೆಡ್ಡಿನಲ್ಲೇ ಬಿಚ್ಚಿ, ಕಟ್ಟಿ, ಮಣ್ಣಿನ ಟ್ರ್ಯಾಕಿಗೆ ಇಳಿಸುವವರು ಈ ನಷ್ಟ ತುಂಬಲೆಂದು ಮೊದಲ ದುಡ್ಡನ್ನು ಕ್ಯಾಮ್‌ಶಾಫ್ಟಿಗೂ ಎಕ್ಸಾಸ್ಟಿಗೂ ಸುರಿಯುತ್ತಾರೆ. ಆದರೆ ಕಾರು ಅರ್ಧ ಓಟದಲ್ಲಿ ನಿಲ್ಲುವುದು ಶಕ್ತಿ ಸಾಲದ್ದಕ್ಕಲ್ಲ. ನೀರು ಕುದಿಯುತ್ತದೆ, ಬ್ರೇಕ್ ಪೆಡಲ್ ನೆಲಕ್ಕಿಳಿಯುತ್ತದೆ, ಧೂಳು ಪಿಸ್ಟನ್ ರಿಂಗ್‌ಗಳನ್ನು ತಿನ್ನುತ್ತದೆ, ಬೋಲ್ಟ್ ಸಡಿಲಾಗುತ್ತದೆ. ಮಳೆಗಾಲದ ಬಿಡುವಿನಲ್ಲಿ ಹೊಸ ಭಾಗ ಹಾಕುವುದಕ್ಕೆ ಮುಂಚೆ, ಕಳೆದ ಋತು ಕಾರಿನಲ್ಲಿ ಏನನ್ನು ಬದಲಿಸಿದೆ ಎಂದು ಅಳೆದು ನೋಡಬೇಕು. ತಯಾರಿ ಎಂದರೆ ಮುಖ್ಯವಾಗಿ ಇದೇ.

ಶುರು ರೋಲ್ ಕೇಜಿನಿಂದ (ಕಾರು ಮಗುಚಿದರೆ ಒಳಗಿದ್ದವರನ್ನು ಕಾಯುವ ಉಕ್ಕಿನ ಪಂಜರ), ಏಕೆಂದರೆ ಇದು ಪ್ರಾಣದ ವಿಷಯ. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಂತೆ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪು ಬೇಕು. ಉಕ್ಕಿನ ಎಳೆತದ ಬಲ ಚದರ ಮಿ.ಮೀ.ಗೆ ಕನಿಷ್ಠ 350 ನ್ಯೂಟನ್ ಇರಬೇಕು. ನೀರಿನ ಜಿಐ ಪೈಪಿನಲ್ಲಿ ಕೇಜ್ ಕಟ್ಟಲೇಬಾರದು. ಅದಕ್ಕೆ ಉದ್ದಕ್ಕೂ ಬೆಸುಗೆಯ ಗೆರೆ ಇರುತ್ತದೆ, ಅದರ ಬಲಕ್ಕೆ ಯಾರ ಖಾತರಿಯೂ ಇರುವುದಿಲ್ಲ, ವೆಲ್ಡ್ ಮಾಡುವಾಗ ಸತುವಿನ ಹೊಗೆ ಬೇರೆ. ಹಳೆಯ ಕೇಜಿನಲ್ಲಿ ಬಿರುಕು ಹುಟ್ಟುವುದು ಸಾಮಾನ್ಯವಾಗಿ ಬೆಸುಗೆಯ ಮಧ್ಯದಲ್ಲಲ್ಲ, ಬೆಸುಗೆ ಮುಗಿದು ಪೈಪು ಶುರುವಾಗುವ ಅಂಚಿನಲ್ಲಿ. ಅಲ್ಲಿ ಕಾವು ಲೋಹದ ಗುಣವನ್ನು ಬದಲಿಸಿರುತ್ತದೆ, ಆಕಾರವೂ ತಟ್ಟನೆ ಬದಲಾಗಿ ಒತ್ತಡ ಒಂದೇ ಗೆರೆಯಲ್ಲಿ ಕೂಡಿಕೊಳ್ಳುತ್ತದೆ. ಬರಿಗಣ್ಣಿಗೆ ಕಾಣದ ಈ ಬಿರುಕನ್ನು ಹಿಡಿಯಲು ಡಿಪಿ (ಡೈ ಪೆನೆಟ್ರೆಂಟ್) ಟೆಸ್ಟ್ ಸಾಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಕೆಲಸ ಮಾಡುವ ವೆಲ್ಡರ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಬಣ್ಣ ಕೆರೆದು ಕ್ಲೀನರ್‌ನಿಂದ ಒರೆಸಿ, ಕೆಂಪು ದ್ರವ ಸಿಂಪಡಿಸಿ 10–15 ನಿಮಿಷ ಬಿಟ್ಟು, ಮೇಲ್ಮೈ ಒರೆಸಿ ಬಿಳಿ ಡೆವಲಪರ್ ಹೊಡೆದರೆ, ಬಿರುಕಿನೊಳಗೆ ಉಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಬಿರುಕಿನ ಮೇಲೆ ಮತ್ತೊಂದು ಪದರ ವೆಲ್ಡ್ ಎಳೆದು ಮುಚ್ಚುವುದು ರಿಪೇರಿಯಲ್ಲ. ಆ ತುಂಡನ್ನು ಕತ್ತರಿಸಿ ತೆಗೆದು ಹೊಸದನ್ನು ಕೂರಿಸಬೇಕು. ಸೀಟಿಗೂ ಬೆಲ್ಟಿಗೂ ಅವಧಿ ಇದೆ. ಲೇಬಲ್ಲಿನ ತಾರೀಕು ಮುಗಿದಿದ್ದರೆ ನೋಡಲು ಹೊಸದರಂತಿದ್ದರೂ ಓಟದ ಮುಂಚಿನ ತಪಾಸಣೆಯಾದ ಸ್ಕ್ರೂಟಿನಿಯಲ್ಲಿ ಪಾಸಾಗದು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಬೆಲ್ಟಿನ ನೂಲು ಒಳಗಿಂದೊಳಗೇ ಸೋಲುತ್ತದೆ. ಕಾರನ್ನು ಬಿಸಿಲಲ್ಲಿ ನಿಲ್ಲಿಸುವವರು ಬೆಲ್ಟ್ ಬಿಚ್ಚಿ ಒಳಗಿಡುವುದೇ ಒಳ್ಳೆಯದು.

ಇನ್ನು ಧೂಳು. 1,300 ಸಿಸಿಯ ನಾಲ್ಕು ಸ್ಟ್ರೋಕ್ ಎಂಜಿನ್ 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಮೂರು ಘನ ಮೀಟರಿಗೂ ಮಿಕ್ಕ ಗಾಳಿ ಎಳೆಯುತ್ತದೆ. ಇಪ್ಪತ್ತು ನಿಮಿಷ ಓಡಿಸಿದರೆ ಎರಡು ಸಾಧಾರಣ ಕೋಣೆಗಳಷ್ಟು ಗಾಳಿ ಫಿಲ್ಟರಿನಲ್ಲಿ ಹಾಯುತ್ತದೆ. ಸಂಡೂರು ಸೀಮೆಯ ಕೆಂಧೂಳಿನಲ್ಲಿರುವ ಹೆಮಟೈಟಿನ ಗಡಸುತನ ಮೋಸ್ ಮಾಪಕದಲ್ಲಿ 5.5ರಿಂದ 6.5. ಮಸಾರಿ ನೆಲದ ಮರಳಿನಲ್ಲಿರುವ ಸ್ಫಟಿಕದ್ದು 7. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಎಣ್ಣೆಪದರಕ್ಕೆ ಇಂಥ ಕಣ ಸೇರಿದರೆ ಅದು ಅರದ ಕೆಲಸ ಮಾಡುತ್ತದೆ. ತೊಂದರೆ ಹೆಚ್ಚಾಗಿ ಫಿಲ್ಟರಿನ ಕಾಗದದಲ್ಲಿರುವುದಿಲ್ಲ. ಅದರ ಅಂಚು ಡಬ್ಬಿಗೆ ಸರಿಯಾಗಿ ಕೂರದೆ ಇರುತ್ತದೆ, ಇಲ್ಲವೇ ಡಬ್ಬಿಯಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ ಸಡಿಲಿರುತ್ತದೆ. ಫಿಲ್ಟರ್ ತೆಗೆದು ಒಳಪೈಪಿನಲ್ಲಿ ಬಿಳಿ ಬಟ್ಟೆ ಆಡಿಸಿ ನೋಡಿ. ಬಟ್ಟೆ ಕೆಂಪಾದರೆ ಸಂದು ಇದೆ ಎಂದೇ ಅರ್ಥ. ಅಂಚಿಗೆ ತೆಳುವಾಗಿ ಗ್ರೀಸ್ ಸವರಿ ಕೂರಿಸಿದರೆ ಸಂದು ಮುಚ್ಚುತ್ತದೆ, ಮುಂದಿನ ಸಲ ತೆಗೆದಾಗ ಧೂಳು ಎಲ್ಲಿ ನುಗ್ಗಲು ನೋಡಿದೆ ಎಂಬುದೂ ಗ್ರೀಸಿನ ಮೇಲೆ ಕಾಣುತ್ತದೆ. ಗಾಳಿ ಎಳೆಯುವ ಬಾಯಿ ಚಕ್ರದ ಹಿಂದೆ ಇರಬಾರದು, ಎತ್ತರದಲ್ಲಿರಬೇಕು.

ಕಳೆದ ಋತುವಿನ ಧೂಳು ಒಳಗೆ ಎಷ್ಟು ತಿಂದಿದೆ ಎಂದು ಕಂಪ್ರೆಶನ್ ಗೇಜ್ ಹೇಳುತ್ತದೆ. ಎಂಜಿನ್ ಬಿಸಿ ಮಾಡಿ, ಇಗ್ನಿಷನ್ ಮತ್ತು ಪೆಟ್ರೋಲ್ ಬಂದ್ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಬೇಕು. ಸಿಲಿಂಡರಿಂದ ಸಿಲಿಂಡರಿಗೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ರೇಡಿಯೇಟರ್ ಹೊರಹಾಕುವ ಶಾಖ ನೀರಿಗೂ ಗಾಳಿಗೂ ನಡುವಿನ ತಾಪದ ಅಂತರವನ್ನು ಅನುಸರಿಸುತ್ತದೆ. ನೀರು 95 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 70. ಗಾಳಿ 42 ಆದರೆ ಅಂತರ 53ಕ್ಕೆ ಇಳಿಯುತ್ತದೆ. ಅಂದರೆ ಅದೇ ರೇಡಿಯೇಟರ್ ಕಾಲುಭಾಗದಷ್ಟು ಕಡಿಮೆ ಶಾಖ ಬಿಡುತ್ತದೆ. ಮಲೆನಾಡಿನ ತಂಪಿನಲ್ಲಿ ತೊಂದರೆ ಕೊಡದ ಕಾರು ರಾಯಚೂರಿನಲ್ಲಿ ಕುದಿಯುವುದು ಇದಕ್ಕೇ. ಇದರ ಮೇಲೆ ನಮ್ಮ ಬೋರ್‌ವೆಲ್ ನೀರು ಗಡಸು. ಅದನ್ನು ರೇಡಿಯೇಟರಿಗೆ ತುಂಬಿದರೆ ಒಳಗೋಡೆಗೆ ಸುಣ್ಣದ ಪೊರೆ ಕಟ್ಟುತ್ತದೆ. ಅರ್ಧ ಮಿಲಿಮೀಟರಿನ ಪೊರೆಯೂ ಶಾಖಕ್ಕೆ ತಡೆಗೋಡೆಯೇ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್‌ಗೆ ಕಂಪನಿ ಹೇಳಿದ ಪ್ರಮಾಣದ ಕೂಲೆಂಟ್ ಬೆರೆಸಿ ತುಂಬಿ. ಡಾಂಬರು ಟ್ರ್ಯಾಕಿಗೆ ಹೋಗುವುದಾದರೆ ನಿಯಮ ಓದಿಕೊಳ್ಳಿ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆಂದು ಹಲವು ಕಡೆ ಅದಕ್ಕೆ ನಿಷೇಧವಿದೆ. ರೇಡಿಯೇಟರ್ ಮುಚ್ಚಳವನ್ನೂ ಪರೀಕ್ಷಿಸಬೇಕು. 0.9 ಬಾರ್ ಒತ್ತಡದ ಮುಚ್ಚಳ ಸರಿ ಇದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿಯವರೆಗೆ ಕುದಿಯದು. ಸ್ಪ್ರಿಂಗ್ ಸೋತಿದ್ದರೆ ನಮ್ಮ ಎತ್ತರದಲ್ಲಿ 98ಕ್ಕೇ ಕುದಿಯತೊಡಗುತ್ತದೆ. ಫಿನ್‌ಗಳ ನಡುವೆ ಕೂತ ಎರೆಮಣ್ಣನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಮೆತ್ತನೆಯ ನೀರಿನ ಧಾರೆಯಲ್ಲಿ ತೊಳೆಯಿರಿ, ಪ್ರೆಷರ್ ವಾಷರ್ ಫಿನ್‌ಗಳನ್ನು ಮಡಚಿಬಿಡುತ್ತದೆ. ರೇಡಿಯೇಟರಿನ ಸುತ್ತಲಿನ ಸಂದುಗಳಿಗೆ ಅಲ್ಯುಮಿನಿಯಂ ತಗಡು ಕೂರಿಸಿದರೆ, ಪಕ್ಕದಿಂದ ನುಸುಳುತ್ತಿದ್ದ ಗಾಳಿ ಫಿನ್‌ಗಳ ಮೂಲಕವೇ ಹೋಗಬೇಕಾಗುತ್ತದೆ. ದೊಡ್ಡ ರೇಡಿಯೇಟರ್ ಕೊಳ್ಳುವ ಮೊದಲು ಈ ಅಗ್ಗದ ಕೆಲಸ ಮಾಡಿ ನೋಡಲೇಬೇಕು.

ಪೆಟ್ರೋಲಿನ ಲೆಕ್ಕ ಕುತೂಹಲದ್ದು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಇ20. ಶುದ್ಧ ಪೆಟ್ರೋಲಿನ ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಶೇ 8ರಿಂದ 9ರಷ್ಟು ಹೆಚ್ಚು ಇಂಧನ ಕೊಡಬೇಕು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರ್ ಹಾಗೇ ಬಿಟ್ಟರೆ ಲೀನ್ (ಇಂಧನ ಕಡಿಮೆ) ಓಡುತ್ತದೆ. ಆದರೆ ಗಾಳಿ ತೆಳುವಾದಾಗ ಕಾರ್ಬುರೇಟರ್ ತಾನಾಗಿ ರಿಚ್ (ಇಂಧನ ಹೆಚ್ಚು) ಆಗುತ್ತದೆ. ಶುರುವಿನಲ್ಲಿ ಹೇಳಿದ ಎಂಟನೇ ಒಂದು ಪಾಲಿನ ಕೊರತೆಗೆ ಮಿಶ್ರಣ ಶೇ 6ಕ್ಕೂ ಹೆಚ್ಚು ರಿಚ್ ಆಗುತ್ತದೆ. ಬಳ್ಳಾರಿಯ ಸುಡುಬಿಸಿಲಿನಲ್ಲಿ ಈ ಎರಡೂ ಒಂದನ್ನೊಂದು ಬಹುಪಾಲು ಹೊಡೆದುಹಾಕುವುದರಿಂದ ಜೆಟ್ (ಇಂಧನ ಅಳೆದು ಬಿಡುವ ತೂತಿನ ತುಂಡು) ಬದಲಿಸದೆಯೂ ಕಾರು ಸೊಗಸಾಗಿ ಓಡುವಂತೆ ಕಾಣುತ್ತದೆ. ಅಪಾಯ ಅಡಗಿರುವುದು ಅಲ್ಲೇ. ಅದೇ ಕಾರನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಒಯ್ದರೆ 28 ಡಿಗ್ರಿಯ ಕಡಲಮಟ್ಟದ ಗಾಳಿ ಶೇ 11ರಷ್ಟು ದಟ್ಟ. ಮಿಶ್ರಣ ಶೇ 5ರಷ್ಟು ಲೀನ್ ಆಗಿ, ಪೂರ್ತಿ ಆಕ್ಸಲರೇಟರಿನಲ್ಲಿ ಪಿಸ್ಟನ್ ತಲೆ ಸುಡಬಹುದು. ಮೇನ್ ಜೆಟ್ಟಿನ ತೂತು ಶೇ 4ರಷ್ಟು ಅಗಲವಾದರೆ ಹರಿವು ಶೇ 8ರಷ್ಟು ಏರುತ್ತದೆ. ಒಂದು ಮಿಲಿಮೀಟರ್ ಇದ್ದದ್ದು 1.04 ಆದರೆ ಸಾಕು. ಡ್ರಿಲ್ ಬಿಟ್ಟು ತೂತು ಕೊರೆಯಬೇಡಿ, ಅಳತೆಯ ಜೆಟ್‌ಗಳನ್ನೇ ಕೊಂಡು ಎರಡು ಮೂರು ಸೈಜು ಜೊತೆಗಿಟ್ಟುಕೊಳ್ಳಿ. ಮಳೆಗಾಲವಿಡೀ ಟ್ಯಾಂಕಿನಲ್ಲಿ ಕೂತ ಪೆಟ್ರೋಲನ್ನು ಖಾಲಿ ಮಾಡಿ. ಎಥೆನಾಲ್ ಗಾಳಿಯ ತೇವ ಹೀರಿಕೊಂಡು ಕೊನೆಗೆ ನೀರಿನ ಸಮೇತ ತಳಕ್ಕಿಳಿಯುತ್ತದೆ, ಪಂಪು ಮೊದಲು ಎಳೆಯುವುದು ಅದನ್ನೇ. ಹಳೆಯ ರಬ್ಬರ್ ಪೈಪುಗಳೂ ಎಥೆನಾಲಿಗೆ ಉಬ್ಬಿ ಸೀಳುತ್ತವೆ, ಇ20 ತಾಳುವಂಥವನ್ನು ಹಾಕಿಸಿ.

ಬ್ರೇಕಿನಲ್ಲಿ ಆಗುವುದೆಲ್ಲ ಶಕ್ತಿಯ ರೂಪಾಂತರ. 800 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 309 ಕಿಲೋಜೌಲ್. ಅದರಲ್ಲಿ ಶೇ 70 ಮುಂದಿನ ಎರಡು ಡಿಸ್ಕಿಗೆ ಹೋಯಿತೆನ್ನಿ, ಒಂದೊಂದು ಡಿಸ್ಕ್ ನಾಲ್ಕು ಕಿಲೋ ಇದೆಯೆನ್ನಿ. ಒಂದೇ ಸಲ ಪೂರ್ತಿ ನಿಲ್ಲಿಸಿದರೆ ಡಿಸ್ಕಿನ ಕಾವು ಸರಿಸುಮಾರು 60 ಡಿಗ್ರಿ ಏರುತ್ತದೆ. ಆರಲು ಬಿಡುವಿಲ್ಲದೆ ಐದಾರು ಸಲ ಹೀಗಾದರೆ 350 ಡಿಗ್ರಿ ದಾಟುತ್ತದೆ. ಆ ಶಾಖ ಪ್ಯಾಡ್ ಮೂಲಕ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ ಇಳಿಯುತ್ತದೆ. ಡಾಟ್ ಎಂಬುದು ಈ ಆಯಿಲಿನ ದರ್ಜೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿಗೆ ಕುದಿಯುತ್ತದೆ, ಶೇ 3.7 ತೇವ ಹೀರಿದ ಮೇಲೆ 140ಕ್ಕೇ. ಡಾಟ್ 4ರ ಕನಿಷ್ಠ ಮಟ್ಟ 230 ಮತ್ತು 155, ಡಾಟ್ 5.1ರದ್ದು 260 ಮತ್ತು 180. ಕುದಿದಾಗ ಹುಟ್ಟುವ ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಮಳೆಗಾಲ ಕಂಡ ಆಯಿಲನ್ನು ಪೂರ್ತಿ ಬದಲಿಸಬೇಕು. ಒಂದು ಲೀಟರ್ ಹೊಸ ಡಬ್ಬಿ ಸಾಕು, ಹೋದ ವರ್ಷ ಒಡೆದ ಡಬ್ಬಿ ಬೇಡ. ನಮ್ಮ ಬಲಗೈ ಸ್ಟೀರಿಂಗ್ ಕಾರುಗಳಲ್ಲಿ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಎಡ ಹಿಂಚಕ್ರದಿಂದ ಗಾಳಿ ಬಿಡಲು ಶುರುಮಾಡಿ, ಬಲ ಹಿಂದೆ, ಎಡ ಮುಂದೆ, ಕಡೆಗೆ ಬಲ ಮುಂದೆ ಮುಗಿಸುತ್ತಾರೆ. ಸಿಲಿಕೋನಿನ ಡಾಟ್ 5 ಬೇರೆಯೇ ಜಾತಿ, ಇವುಗಳ ಜೊತೆ ಬೆರೆಸಬಾರದು.

ಇಷ್ಟೆಲ್ಲ ಆದ ಮೇಲೆ ತೂಕ. ಈ ಕೆಲಸಕ್ಕೆ ಬೇಕಾದ ಸಲಕರಣೆ ನಮ್ಮ ಸೀಮೆಯಲ್ಲಿ ಹೇರಳ ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲೂ ರಾಯಚೂರಿನ ಎಪಿಎಂಸಿ ಅಂಗಡಿಗಳಲ್ಲೂ ಚೀಲ ತೂಗುವ ಎಲೆಕ್ಟ್ರಾನಿಕ್ ಪ್ಲಾಟ್‌ಫಾರ್ಮ್ ಕಾಟಾ ಇರುತ್ತವೆ. 500 ಕಿಲೋ ಸಾಮರ್ಥ್ಯದ ನಾಲ್ಕು ಕಾಟಾ ಒಂದು ಭಾನುವಾರಕ್ಕೆ ಸಿಕ್ಕರೆ ಕೆಲಸವಾಯಿತು. ನಾಲ್ಕರ ಮೇಲ್ಮೈಯೂ ಒಂದೇ ಮಟ್ಟದಲ್ಲಿರಬೇಕು. ಗಾರೆಯವರ ಟ್ಯೂಬ್ ಲೆವೆಲ್ ಹಿಡಿದು, ತಗಡಿನ ತುಂಡುಗಳನ್ನು ಕೊಟ್ಟು ಸರಿಮಾಡಬೇಕು. ಚಕ್ರದ ಬಳಿ ಸ್ಪ್ರಿಂಗಿನ ಬಿಗಿ ಮಿ.ಮೀ.ಗೆ 25 ನ್ಯೂಟನ್ ಇದ್ದರೆ, ಒಂದು ಕಾಟಾ 5 ಮಿ.ಮೀ. ಎತ್ತರವಾದರೂ ಪ್ರತಿ ಮೂಲೆಯ ತೂಕ ಮೂರು ಕಿಲೋ ತಪ್ಪು ತೋರಿಸುತ್ತದೆ. ಟೈರಿನ ಗಾಳಿ ಓಟದ ಮಟ್ಟಕ್ಕೆ, ಟ್ಯಾಂಕ್ ಅರ್ಧ, ಸೀಟಿನಲ್ಲಿ ಚಾಲಕರಷ್ಟೇ ತೂಕದ ಚೀಲ, ಎಡಬಲ ಚಕ್ರಗಳನ್ನು ಬೆಸೆಯುವ ಆಂಟಿರೋಲ್ ಬಾರಿನ ಲಿಂಕ್ ಬಿಚ್ಚಿ, ಕಾರನ್ನು ನಾಲ್ಕು ಸಲ ಕುಲುಕಿ ಸಸ್ಪೆನ್ಷನ್ ಕೂರಿಸಿದ ಮೇಲೆ ಅಂಕಿ ಬರೆಯಬೇಕು.

ಎಡ ಮುಂದೆ 281, ಬಲ ಮುಂದೆ 256, ಎಡ ಹಿಂದೆ 139, ಬಲ ಹಿಂದೆ 194 ಕಿಲೋ ಬಂದಿದೆ ಎನ್ನಿ. ಒಟ್ಟು 870. ಕರ್ಣದ ಮೂಲೆಗಳಾದ ಬಲ ಮುಂದೆ ಮತ್ತು ಎಡ ಹಿಂದೆ ಕೂಡಿದರೆ 395, ಶೇ 45.4 ಮಾತ್ರ. ಈ ಕಾರು ಬಲಕ್ಕೆ ತಿರುಗುವಾಗ ಮೂಗು ಹೊರಕ್ಕೆ ಜಾರುತ್ತದೆ, ಎಡಕ್ಕೆ ತಿರುಗುವಾಗ ಬಾಲ ಬೀಸುತ್ತದೆ. ಚಾಲಕರು ಟೈರನ್ನು ಬೈಯುತ್ತಾರೆ, ತಪ್ಪು ಸ್ಪ್ರಿಂಗಿನದು. ಬಲ ಮುಂದಿನ ಸ್ಪ್ರಿಂಗ್ ಸೀಟನ್ನು ಸ್ವಲ್ಪ ಏರಿಸಿ, ಎಡ ಮುಂದಿನದನ್ನು ಅಷ್ಟೇ ಇಳಿಸಿ, ಹಿಂದೆ ಇದರ ತಿರುವುಮುರುವು ಮಾಡುತ್ತಾ ಹೋದರೆ 261, 276, 159, 174ಕ್ಕೆ ತರಬಹುದು. ಕರ್ಣದ ಮೊತ್ತ 435, ಸರಿಯಾಗಿ ಅರ್ಧ. ಗಮನಿಸಿ, ಎಡಗಡೆಯ ಒಟ್ಟು ತೂಕ ಮೊದಲೂ 420, ಈಗಲೂ 420. ಸ್ಪ್ರಿಂಗ್ ತಿರುಗಿಸಿ ಬದಲಿಸಲಾಗುವುದು ಕರ್ಣದ ಹಂಚಿಕೆಯೊಂದನ್ನೇ. ಎಡಬಲ ಅಥವಾ ಹಿಂದುಮುಂದಿನ ಹಂಚಿಕೆ ಬದಲಾಗಬೇಕಾದರೆ ಬ್ಯಾಟರಿ, ಅಗ್ನಿಶಾಮಕ, ಸ್ಟೆಪ್ನಿ ಜಾಗ ಬದಲಿಸಲೇಬೇಕು. ಅದೇ ದಿನ ಕ್ಯಾಂಬರನ್ನೂ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ನೋಡಿಬಿಡಿ. 13 ಇಂಚಿನ ರಿಮ್ಮಿಗೆ ತೂಗುಗುಂಡು ಹಿಡಿದಾಗ ಮೇಲಂಚಿಗೂ ಕೆಳಂಚಿಗೂ 5.8 ಮಿ.ಮೀ. ವ್ಯತ್ಯಾಸ ಬಂದರೆ ಅದು ಒಂದು ಡಿಗ್ರಿ.

ಬೋಲ್ಟ್‌ಗಳ ವಿಷಯದಲ್ಲಿ ತಲೆಯ ಮೇಲಿನ ಗುರುತು ಓದದೆ ಯಾವುದನ್ನೂ ಹಾಕಬೇಡಿ. ಸಸ್ಪೆನ್ಷನ್, ಸೀಟು, ಬೆಲ್ಟಿಗೆ ಕನಿಷ್ಠ 8.8 ದರ್ಜೆ ಬೇಕು, ಕಿಲೋ ಲೆಕ್ಕದಲ್ಲಿ ಸಿಗುವ ಗುರುತಿಲ್ಲದ್ದು ಗೇಟಿಗೆ ಸರಿ. ನಾವು ಹಾಕುವ ಟಾರ್ಕಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟಿನ ಬಿಗಿತವಾಗುತ್ತದೆ, ಮಿಕ್ಕದ್ದನ್ನು ಘರ್ಷಣೆ ನುಂಗುತ್ತದೆ. ಒಣ ಮರೆಗೆಂದು (ಥ್ರೆಡ್ಡಿಗೆಂದು) ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿದ ಮರೆಗೆ ಹಾಕಿದರೆ ಬೋಲ್ಟ್ ಮಿತಿಮೀರಿ ಎಳೆಯುವುದು ಇದರಿಂದಲೇ. ನೈಲಾಕ್ ನಟ್ಟಿನ ನೈಲಾನ್ 120 ಡಿಗ್ರಿಯ ಆಚೆ ಹಿಡಿತ ಬಿಡುತ್ತದೆ, ಎಕ್ಸಾಸ್ಟ್ ಮತ್ತು ಕ್ಯಾಲಿಪರ್ ಹತ್ತಿರ ಪೂರ್ತಿ ಲೋಹದ ಲಾಕ್ ನಟ್ಟನ್ನೇ ಹಾಕಿ. ಬಿಗಿ ಮಾಡಿದ ಪ್ರತಿ ನಟ್ಟಿನಿಂದ ಪಕ್ಕದ ಲೋಹದವರೆಗೆ ಬಿಳಿ ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ, ಟಾರ್ಚ್ ಹಿಡಿದು ಎರಡು ನಿಮಿಷದಲ್ಲಿ ಎಲ್ಲವನ್ನೂ ನೋಡಬಹುದು.

ಪರೀಕ್ಷೆಯ ಓಟ ಸಾರ್ವಜನಿಕ ರಸ್ತೆಯಲ್ಲಿ ಬೇಡ. ಮಾಲೀಕರ ಒಪ್ಪಿಗೆಯಿರುವ ಬಂದೋಬಸ್ತಿನ ಬಯಲು ಬೇಕು, ಅಗ್ನಿಶಾಮಕ ಹಿಡಿದ ಒಬ್ಬರು ಹೊರಗೆ ನಿಂತಿರಬೇಕು. ಮೊದಲ ಐದು ನಿಮಿಷ ಮೆಲ್ಲಗೆ ಓಡಿಸಿ, ನಿಲ್ಲಿಸಿ, ಎಣ್ಣೆ ನೀರು ಸೋರುತ್ತಿದೆಯೇ ನೋಡಿ. ಆಮೇಲೆ ಹೊಸ ಪ್ಯಾಡ್ ಕೂರಿಸಲು 60ರಿಂದ 10 ಕಿ.ಮೀ.ಗೆ ಹತ್ತು ಸಲ ಇಳಿಸಿ, ಕಾರು ನಿಂತಾಗ ಪೆಡಲ್ ಒತ್ತಿ ಹಿಡಿಯದೆ ಆರಲು ಬಿಡಿ. ಒತ್ತಿ ಹಿಡಿದರೆ ಪ್ಯಾಡಿನ ಅಚ್ಚು ಡಿಸ್ಕಿಗೆ ಅಂಟಿ ಅಲ್ಲಿಂದ ಮುಂದೆ ಸ್ಟೀರಿಂಗ್ ನಡುಗುತ್ತದೆ. ಬೆಳಗಿನ ತಂಪಿನಲ್ಲಿ ಹಾಕಿದ ಟೈರಿನ ಗಾಳಿ ಪ್ರತಿ 10 ಡಿಗ್ರಿಗೆ ಒಂದೂವರೆ ಪೌಂಡಿನಷ್ಟು ಏರುತ್ತದೆ, ಮಧ್ಯಾಹ್ನ ಮತ್ತೆ ಅಳೆಯಿರಿ. ಪೂರ್ತಿ ಆಕ್ಸಲರೇಟರಿನ ಒಂದು ಓಟದ ಕೊನೆಗೆ ಕ್ಲಚ್ ಒತ್ತಿ ಎಂಜಿನ್ ಆರಿಸಿ, ಹಾಗೇ ಉರುಳಿಸಿ ನಿಲ್ಲಿಸಿ ಪ್ಲಗ್ ಬಿಚ್ಚಿ. ಪಿಂಗಾಣಿ ತಿಳಿಕಂದು ಇದ್ದರೆ ಜೆಟ್ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಒಂದು ಸೈಜು ದೊಡ್ಡದು ಹಾಕಿ. ವೀಲ್ ನಟ್‌ಗಳನ್ನು ಹಬ್ ಪೂರ್ತಿ ಆರಿದ ಮೇಲೆ ಟಾರ್ಕ್ ರೆಂಚಿನಿಂದಲೇ ಮತ್ತೊಮ್ಮೆ ನೋಡಿ. ಬಿಸಿಯಿದ್ದಾಗ ಬಿಗಿದರೆ ಆರುವಾಗ ಬಿಗಿತ ಬದಲಾಗಿ ರೆಂಚಿನ ಅಂಕಿಗೆ ಅರ್ಥವೇ ಉಳಿಯುವುದಿಲ್ಲ.