ವೆಬ್‌ಡ್ರೈವರ್ ಟಾರ್ಸೋ: ಹನ್ನೊಂದು ಸೆಕೆಂಡಿನ ಒಗಟು

‘ವೆಬ್‌ಡ್ರೈವರ್ ಟಾರ್ಸೋ’ ಒಂದು ಯೂಟ್ಯೂಬ್ ಚಾನೆಲ್‌ನ ಹೆಸರು. 2013ರಲ್ಲಿ ಶುರುವಾದ ಈ ಚಾನೆಲ್‌ನಲ್ಲಿ ಮಾತಿಲ್ಲ, ಮುಖವಿಲ್ಲ, ಕಥೆಯಂತೂ ಇಲ್ಲವೇ ಇಲ್ಲ. ಬಿಳಿ ಪರದೆಯ ಮೇಲೆ ಒಂದು ಕೆಂಪು ಆಯತ, ಒಂದು ನೀಲಿ ಆಯತ, ಅಷ್ಟೇ. ಸೆಕೆಂಡಿಗೊಮ್ಮೆ ಎರಡೂ ಜಾಗ, ಅಳತೆ ಬದಲಿಸುತ್ತವೆ. ಜೊತೆಗೊಂದು ‘ಬೀಪ್’. ಮೂಲೆಯಲ್ಲಿ ‘ಆಕ್ವಾ.ಎಫ್‌ಎಲ್‌ವಿ’ ಅಂತ ಫೈಲಿನ ಹೆಸರು, ಪಕ್ಕದಲ್ಲಿ ಸ್ಲೈಡ್ ಸಂಖ್ಯೆ. 11 ಸೆಕೆಂಡಿಗೆ ಆಟ ಮುಗಿಯಿತು.

ಇಂಥದ್ದು ಒಂದೇ ಒಂದು ವಿಡಿಯೋ ಇದ್ದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ 2014ರ ಹೊತ್ತಿಗೆ 77,000ಕ್ಕೂ ಜಾಸ್ತಿ ಆಗಿದ್ದವು! ಅನ್ಯಗ್ರಹದವರ ಸಂದೇಶ ಅಂದವರಿದ್ದರು. ಗೂಢಚಾರರ ಕೆಲಸ ಅಂದವರು ಇನ್ನೂ ಹೆಚ್ಚು. ಈ ಎರಡನೆಯ ಗುಮಾನಿ ಪೂರ್ತಿ ಹುಚ್ಚುತನವೇನಲ್ಲ. ಶೀತಲ ಸಮರದ ಕಾಲದಲ್ಲಿ ಶಾರ್ಟ್‌ವೇವ್ ರೇಡಿಯೋದಲ್ಲಿ ಸುಮ್ನೆ ಅಂಕಿಗಳನ್ನು ಓದುವ ‘ನಂಬರ್ಸ್ ಸ್ಟೇಷನ್’ಗಳಿದ್ದವು. ಕೇಳುವವರು ಸಾವಿರಾರು ಜನ, ಅರ್ಥವಾಗುವುದು ಸಂಕೇತದ ಕೀಲಿ ಇದ್ದ ಒಬ್ಬನಿಗೆ ಮಾತ್ರ. ಅದೇ ಉಪಾಯ ಈಗ ವಿಡಿಯೋಗೆ ಬಂದಿದೆ ಅನ್ನುವುದು ಇವರ ತರ್ಕ. ಇದರ ನಡುವೆ, ರಾತ್ರಿ ಹೊತ್ತು ಮಿನುಗುವ ಐಫೆಲ್ ಟವರ್‌ನ ಒಂದು ಪುಟ್ಟ ವಿಡಿಯೋ ಅದೇ ಚಾನೆಲ್‌ನಲ್ಲಿ ಸಿಕ್ಕಿತು. ಸಾಕಲ್ವಾ, ಪತ್ತೇದಾರರಿಗೆ ಹಬ್ಬ.

ನಿಜ ಹೇಳಬೇಕೆಂದರೆ ಸುಳಿವು ಮೊದಲಿನಿಂದಲೂ ಕಣ್ಣೆದುರೇ ಇತ್ತು. ಮನುಷ್ಯರ ಬದಲು ತಾನೇ ಬ್ರೌಸರ್ ನಡೆಸುವ ಪರೀಕ್ಷಾ ತಂತ್ರಾಂಶವನ್ನು ಟೆಸ್ಟಿಂಗ್ ಮಾಡುವವರು ವೆಬ್‌ಡ್ರೈವರ್ ಅಂತಲೇ ಕರೆಯುತ್ತಾರೆ. ವಿಡಿಯೋಗಳ ಶೀರ್ಷಿಕೆಗಳೆಲ್ಲ ‘ಟಿಎಂಪಿ’ ಅಂತ ಶುರುವಾಗುತ್ತಿದ್ದವು. ತಾತ್ಕಾಲಿಕ ಫೈಲುಗಳಿಗೆ ಕಂಪ್ಯೂಟರ್ ಇಡುವ ಹೆಸರು ಅದು. ಆದರೆ ಇಷ್ಟು ಸಪ್ಪೆ ಉತ್ತರ ಯಾರಿಗೆ ಬೇಕು? ಕೊನೆಗೆ ಇಟಲಿಯ ಬ್ಲಾಗರ್ ಒಬ್ಬರು ಜಾಡು ಹಿಡಿದು ಗೂಗಲ್‌ವರೆಗೆ ಹೋದರು. 2014ರಲ್ಲಿ ಕಂಪನಿಯೂ ಒಪ್ಪಿಕೊಂಡಿತು. ಅಪ್‌ಲೋಡ್ ಆದ ವಿಡಿಯೋದ ಗುಣಮಟ್ಟ ಕೆಡುತ್ತದೆಯೇ ಅಂತ ನೋಡಲು ಯೂಟ್ಯೂಬ್ ತಾನೇ ಇಟ್ಟುಕೊಂಡಿದ್ದ ಪರೀಕ್ಷಾ ಚಾನೆಲ್ ಇದು.

ಆಯತಗಳೇ ಯಾಕೆ ಅಂದರೆ, ಯಂತ್ರಕ್ಕೆ ಇವು ಸಲೀಸು. ಯಾವ ಬಣ್ಣ, ಎಲ್ಲಿ, ಯಾವ ಕ್ಷಣದಲ್ಲಿ ಇರಬೇಕು ಅನ್ನುವುದು ಮೊದಲೇ ಗೊತ್ತಿದ್ದರೆ, ಅಪ್‌ಲೋಡ್ ಆದ ಮೇಲೆ ಏನು ಕೆಟ್ಟಿದೆ ಅಂತ ಹೋಲಿಸಿ ನೋಡಬಹುದು. ಬೀಪ್ ಇದ್ದರೆ ಚಿತ್ರಕ್ಕೂ ಧ್ವನಿಗೂ ತಾಳೆ ಇದೆಯೇ ಅನ್ನುವುದೂ ಗೊತ್ತಾಗುತ್ತದೆ. ಮನುಷ್ಯರು ನೋಡಲಿ ಅಂತ ಮಾಡಿದ್ದೇ ಅಲ್ಲ. ಹಾಗಾದರೆ ಎಲ್ಲರಿಗೂ ಕಾಣುವ ಹಾಗೆ ಯಾಕಿಟ್ಟರು? ನನಗೆ ಇಡೀ ಕಥೆಯಲ್ಲಿ ವಿಚಿತ್ರ ಅನ್ನಿಸುವುದು ಅದೊಂದೇ.

ಗೂಗಲ್ ಉತ್ತರ ಕೊಟ್ಟಿದ್ದೂ ಕೀಟಲೆಯ ಧಾಟಿಯಲ್ಲೇ. ಬೇರೇನೋ ತೋರಿಸುತ್ತೇವೆ ಅಂತ ನಂಬಿಸಿ ಜನರನ್ನು ಬೇಸ್ತು ಬೀಳಿಸಲು ಇಂಟರ್ನೆಟ್‌ನಲ್ಲಿ ಬಳಸುವ, ಗಾಯಕ ರಿಕ್ ಆಸ್ಟ್ಲಿಯ 1987ರ ಹಾಡನ್ನು ತಿರುಚಿ ಹೇಳಿಕೆ ಬರೆದರು. ಒಂದು ವಿಡಿಯೋದಲ್ಲಂತೂ ಆಯತದ ಬದಲು ಆ ಗಾಯಕನದೇ ಆಕಾರ ಇತ್ತು. ಗುಟ್ಟು ಬಯಲಾದ ಮೇಲೂ ಅಪ್‌ಲೋಡ್ ನಿಲ್ಲಲಿಲ್ಲ. ಪರೀಕ್ಷೆ ಇನ್ನೂ ಮುಗಿದಿರಲಿಲ್ಲ, ಅಷ್ಟೇ.