ಮನೆಯಲ್ಲೇ ಕೂತರೆ ಇಂಧನ ಉಳಿಯುತ್ತಾ?

ಪ್ರಶ್ನೆ: ನಾನು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಪೆಟ್ರೋಲ್ ಉಳಿಯಿತು ಅಂದರೆ ಇಂಧನ ಉಳಿದ ಹಾಗೇ ಅಲ್ವಾ? ಓಡಾಟ, ಕರೆಂಟು ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಮಾಡೆಲ್ ಯಾಕೆ ಬೇಕು? (ಹಾಸನದ ಓದುಗರು)

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನೆನಪಿಲ್ಲ. ಈ ಸಲ ಅಂಕಿ ಇಟ್ಟೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಇಂಧನ ಉಳಿಯಬಹುದು, ಉಳಿಯದೆಯೂ ಇರಬಹುದು. ಆದರೆ "ಆಫೀಸಿಗೆ ಹೋಗಲಿಲ್ಲ, ಅಷ್ಟೂ ಉಳಿಯಿತು" ಅನ್ನುವ ಮಾತು ಮಾತ್ರ ತಪ್ಪು.

ಆಫೀಸ್ 4 ಕಿ.ಮೀ. ದೂರ ಅಂತಿಟ್ಟುಕೊಳ್ಳಿ. ಹೋಗಿ ಬಂದರೆ 8 ಕಿ.ಮೀ. ಸ್ಕೂಟರ್ ಲೀಟರಿಗೆ 45 ಕೊಟ್ಟರೆ ಖರ್ಚಾಗುವುದು ಕಾಲು ಲೀಟರಿಗಿಂತಲೂ ಕಡಿಮೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಾಖ, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳಿದರೆ, ಸುಮಾರು 9 ಯುನಿಟ್. ಹಾಗಾಗಿ ನಿಮಗೆ ಉಳಿದದ್ದು 1.6 ಯುನಿಟ್.

ಈಗ ಮನೆಯ ಕಡೆ ನೋಡಿ. 75 ವ್ಯಾಟಿನ ಫ್ಯಾನ್ ಎಂಟು ಗಂಟೆ ತಿರುಗಿದರೆ 0.6 ಯುನಿಟ್. ಲ್ಯಾಪ್‌ಟಾಪ್ 0.4. ಅಲ್ಲಿಗೇ ಒಂದು ಯುನಿಟ್ ಆಯಿತು. ಅದು ಕಲ್ಲಿದ್ದಲಿನ ಕರೆಂಟ್ ಆಗಿದ್ದರೆ, ಒಂದು ಯುನಿಟ್‌ಗೆ ಸುಮಾರು ಮೂರು ಯುನಿಟ್‌ನಷ್ಟು ಶಾಖ ಸುಡಬೇಕು. ಉಳಿತಾಯ ಎಲ್ಲಿ ಹೋಯಿತು? ನಮ್ಮ ಹಾಸನ ಬಡವರ ಊಟಿ, ವರ್ಷವಿಡೀ ಫ್ಯಾನ್ ಬೇಕಾಗಲ್ಲ, ನಿಜ. ಚಳಿಗಾಲದಲ್ಲಿ ಲೆಕ್ಕ ಸ್ವಲ್ಪ ನಿಮ್ಮ ಕಡೆಗೇ ವಾಲುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಆಫೀಸಿಗೆ ಹೋಗುವಾಗ ದಾರಿಯಲ್ಲೇ ಮಗುವನ್ನು ಸ್ಕೂಲಿಗೆ ಬಿಡುತ್ತಿದ್ದಿರಿ. ಬರುವಾಗ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ತರಕಾರಿ ತರುತ್ತಿದ್ದಿರಿ. ಮನೆಯಲ್ಲಿದ್ದರೂ ಮಗು ಸ್ಕೂಲಿಗೆ ಹೋಗಬೇಕು, ಅಡುಗೆಗೆ ತರಕಾರಿ ಬೇಕು. ಒಂದೇ ಸುತ್ತಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಎರಡು ಸುತ್ತು. ಸ್ಕೂಲಿಗೆ ಹೋಗಿ ಬರಲು 4 ಕಿ.ಮೀ., ಮಾರ್ಕೆಟ್ಟಿಗೆ 3 ಕಿ.ಮೀ. ಆದರೂ 8ರಲ್ಲಿ 7 ವಾಪಸ್ ಬಂತು. ಬಿಡುವಾಗಿ ನಿಂತ ಸ್ಕೂಟರನ್ನು ಮನೆಯ ಇನ್ನೊಬ್ಬರು ತೆಗೆದುಕೊಂಡು ಹೋದರಂತೂ ಕೇಳುವುದೇ ಬೇಡ. ಬಸ್ಸಿನಲ್ಲಿ ಹೋಗುವವರದು ಇನ್ನೂ ಸ್ಪಷ್ಟ. ನೀವು ಹತ್ತದಿದ್ದರೂ ಆ ಬಸ್ ಹೊರಟೇ ಹೊರಡುತ್ತದೆ, ಡೀಸೆಲ್ ಹೆಚ್ಚುಕಮ್ಮಿ ಅಷ್ಟೇ ಸುಡುತ್ತದೆ.

ಆದರೆ ಸಕಲೇಶಪುರಕ್ಕೆ ದಿನಾ ಕಾರಿನಲ್ಲಿ ಒಬ್ಬರೇ ಓಡಾಡುವವರಿದ್ದರೆ ಅವರು ಖಂಡಿತ ಮನೆಯಲ್ಲೇ ಕೆಲಸ ಮಾಡಲಿ. ಹೋಗಿ ಬರಲು ಸುಮಾರು 80 ಕಿ.ಮೀ., ಅಂದರೆ ಐದು ಲೀಟರ್, 45 ಯುನಿಟ್. ಅದರ ಮುಂದೆ ಫ್ಯಾನ್ ಯಾವ ಲೆಕ್ಕ!

ಮಾಡೆಲ್ ಬೇಕಾಗುವುದು ಇದಕ್ಕೇ. ಪೆಟ್ರೋಲ್ ಬಂಕಿನ ರಸೀದಿ ಒಂದು ಕಡೆ, ಸೆಸ್ಕ್ ಕಂಪನಿಯ ಕರೆಂಟ್ ಬಿಲ್ ಇನ್ನೊಂದು ಕಡೆ ಇಟ್ಟರೆ ಈ ಕೊಂಡಿ ಕಾಣಲ್ಲ. 1970ರಲ್ಲೇ ಸ್ವೀಡನ್ನಿನ ಭೂಗೋಳ ತಜ್ಞ ಹೇಗರ್‌ಸ್ಟ್ರಾಂಡ್ ಇದರ ಬುನಾದಿ ಹಾಕಿಕೊಟ್ಟರು: ಮನುಷ್ಯನಿಗೆ ದಿನಕ್ಕೆ 24 ಗಂಟೆ, ಒಂದು ಹೊತ್ತಿಗೆ ಒಂದೇ ಜಾಗ. ಹಾಗಾಗಿ ಒಬ್ಬರ ದಿನವನ್ನು ಅರ್ಧರ್ಧ ಗಂಟೆಯಾಗಿ ಬಿಡಿಸಿ, ಎಲ್ಲಿದ್ದರು, ಏನು ಮಾಡುತ್ತಿದ್ದರು, ಆಗ ಯಾವ ಸ್ವಿಚ್ ಆನ್ ಆಗಿತ್ತು ಅಂತ ಒಂದೇ ಸಾಲಿನಲ್ಲಿ ಬರೆಯುತ್ತೇವೆ. ನಮ್ಮ ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯೂ ಬೆಳಗಿನ 4ರಿಂದ ಮರುದಿನ 4ರವರೆಗೆ ಹೀಗೇ ಅರ್ಧ ಗಂಟೆಯ ಲೆಕ್ಕದಲ್ಲಿ ಜನರನ್ನು ಕೇಳಿತ್ತು. ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರ ಅವರವರ ಮನೆಯದೇ ಇಂಥ ಪಟ್ಟಿ ಬರೆಸುತ್ತೇನೆ. ಬರೆದ ಮೇಲೆ ಯಾರೂ ನಿಮ್ಮ ಈ ಪ್ರಶ್ನೆ ಕೇಳಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಎಷ್ಟು ಯುನಿಟ್ ಅನ್ನುವಷ್ಟೇ ಮುಖ್ಯ, ಯಾವ ಹೊತ್ತಿನ ಯುನಿಟ್ ಅನ್ನುವುದು. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಧ್ಯಾಹ್ನ ಜೋರಾಗಿ ಕರೆಂಟ್ ಕೊಡುತ್ತದೆ. ಸಂಜೆ ಏಳಕ್ಕೆ ಅಲ್ಲಿಂದ ಏನೂ ಬರಲ್ಲ. ಎಲ್ಲರ ಮನೆಯಲ್ಲಿ ಲೈಟು, ಟಿವಿ, ಮಿಕ್ಸಿ ಒಟ್ಟಿಗೇ ಶುರುವಾಗುವುದು ಆಗಲೇ. ಎಲೆಕ್ಟ್ರಿಕ್ ಸ್ಕೂಟರ್ ಇರುವವರು ಆಫೀಸಿನಿಂದ ಬಂದ ತಕ್ಷಣ ಪ್ಲಗ್ ಹಾಕುವುದೂ ಆಗಲೇ. 100 ಕಿ.ಮೀ. ಓಡಲು ಅದಕ್ಕೆ ಬೇಕಾಗುವುದು ಸುಮಾರು 3 ಯುನಿಟ್. ನೀವು ಅಂಥದ್ದು ಕೊಂಡರೆ, ಮನೆಯಲ್ಲಿರುವ ಆ ಮೂರು ದಿನಗಳಲ್ಲಿ ಯಾವುದಾದರೂ ಒಂದು ದಿನ ಮಧ್ಯಾಹ್ನ ಹನ್ನೆರಡು ಗಂಟೆಗೆ ಚಾರ್ಜಿಗೆ ಹಾಕಿ.