ಸಕ್ಕರೆ ಕಾಯಿಲೆ ಇದ್ದವರು ತೀರಿಕೊಂಡಾಗ ಸಾವಿನ ಕಾರಣ ಏನೆಂದು ಬರೆಯಬೇಕು?

ಸಾವಿನ ಕಾರಣಕ್ಕೆ ವೈದ್ಯರು ಕೊಡುವ ಪ್ರಮಾಣಪತ್ರ ಆಸ್ಪತ್ರೆಯಲ್ಲಿ ತೀರಿಕೊಂಡರೆ ನಮೂನೆ 4, ಮನೆಯಲ್ಲಾದರೆ 4ಎ. ಎರಡರಲ್ಲೂ ವಿದ್ಯಾರ್ಥಿಗಳು, ಹೌಸ್ ಸರ್ಜನ್‌ಗಳು ತಡವರಿಸುವುದು ಸಾವಿನ ಕಾರಣದ ಕಾಲಂನಲ್ಲಿ. ಅದರ ಮೊದಲ ಭಾಗದಲ್ಲಿ ಎ, ಬಿ, ಸಿ ಸಾಲುಗಳಿವೆ. ನೇರವಾಗಿ ಸಾವು ತಂದದ್ದು ಎ ಸಾಲಿಗೆ, ಅದಕ್ಕೆ ಕಾರಣವಾದದ್ದು ಬಿಗೆ, ಬಿಗೂ ಹಿಂದಿನದು ಸಿಗೆ. ಸರಪಳಿ ಸರಿಯಾಗಿದ್ದರೆ ಕೊನೆಯಲ್ಲಿ ತುಂಬಿದ ಸಾಲೇ ಮೂಲ ಕಾರಣ. ಅಂಕಿಅಂಶದಲ್ಲಿ ಎಣಿಕೆಯಾಗುವುದೂ ಅದೇ. ಸರಪಳಿಗೆ ಸೇರದಿದ್ದರೂ ಸಾವಿಗೆ ಪೂರಕವಾದ ಕಾಯಿಲೆಗಳು ಎರಡನೇ ಭಾಗಕ್ಕೆ ಹೋಗುತ್ತವೆ.

ಒಂದು ಉದಾಹರಣೆ ನೋಡಿ. 62 ವರ್ಷದ ಮಹಿಳೆ. 15 ವರ್ಷದಿಂದ ಟೈಪ್ 2 ಮಧುಮೇಹ, 20 ವರ್ಷದಿಂದ ಬಿಪಿ. ಬಲಗಾಲಿಗೆ ಗ್ಯಾಂಗ್ರೀನ್ (ಕೊಳೆತ) ಆಗಿ, ಸೋಂಕು ರಕ್ತಕ್ಕೆ ಹರಡಿ (ಸೆಪ್ಸಿಸ್) ತೀರಿಕೊಂಡರು. ಬರೆಯಬೇಕಾದದ್ದು ಹೀಗೆ: ಎ) ಸೆಪ್ಸಿಸ್, 2 ದಿನ. ಬಿ) ಬಲಗಾಲಿನ ಗ್ಯಾಂಗ್ರೀನ್, 3 ವಾರ. ಸಿ) ಟೈಪ್ 2 ಮಧುಮೇಹ, 15 ವರ್ಷ. ಎರಡನೇ ಭಾಗದಲ್ಲಿ ಅಧಿಕ ರಕ್ತದೊತ್ತಡ, ಅಂದರೆ ಬಿಪಿ. ಇಲ್ಲಿ ಮಧುಮೇಹವೇ ಮೂಲ ಕಾರಣ.

ಇದೇ ಮಹಿಳೆ ಕೋವಿಡ್ ನ್ಯುಮೋನಿಯಾದಿಂದ ತೀರಿಕೊಂಡಿದ್ದರೆ? ಎ) ಅಕ್ಯೂಟ್ ರೆಸ್ಪಿರೇಟರಿ ಡಿಸ್ಟ್ರೆಸ್ ಸಿಂಡ್ರೋಮ್ (ತೀವ್ರ ಉಸಿರಾಟದ ತೊಂದರೆ), 2 ದಿನ. ಬಿ) ನ್ಯುಮೋನಿಯಾ, 6 ದಿನ. ಸಿ) ಕೋವಿಡ್-19, 10 ದಿನ. ಮಧುಮೇಹ, ಬಿಪಿ ಎರಡೂ ಎರಡನೇ ಭಾಗಕ್ಕೆ. 15 ವರ್ಷ ಹಳೆಯದೆಂಬ ಕಾರಣಕ್ಕೆ ಮಧುಮೇಹವನ್ನು ಕೋವಿಡ್‌ನ ಕೆಳಗೆ ಇಳಿಸುವಂತಿಲ್ಲ. ಅದು ರೋಗವನ್ನು ಉಲ್ಬಣಗೊಳಿಸಬಹುದು, ವೈರಸ್ಸನ್ನು ಹುಟ್ಟಿಸುವುದಿಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಕೊಟ್ಟ ಮಾರ್ಗಸೂಚಿ ಇದೇ. ಅವಧಿ ಕೆಳಗಿಳಿದಂತೆ ಹೆಚ್ಚುತ್ತಾ ಹೋಗಬೇಕು, ನಿಜ. ಆದರೆ ಅಷ್ಟೇ ಸಾಲದು. ಪ್ರತಿ ಸಾಲಿಗೂ ‘ಕೆಳಗಿನದರಿಂದ ಮೇಲಿನದು ಉಂಟಾಯಿತೇ?’ ಎಂದು ಕೇಳಿ. ಉತ್ತರ ‘ಹೌದು’ ಆಗದಿದ್ದರೆ ಆ ಕಾಯಿಲೆಯ ಜಾಗ ಅದಲ್ಲ.

ಪದೇ ಪದೇ ಆಗುವ ತಪ್ಪು, ಎ ಸಾಲಿನಲ್ಲಿ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಎಂದಷ್ಟೇ ಬರೆದು ಸಹಿ ಹಾಕುವುದು. ಯಾರೇ ಸತ್ತರೂ ಹೃದಯ, ಉಸಿರು ನಿಂತೇ ನಿಲ್ಲುತ್ತವೆ. ಅದು ಸಾಯುವ ರೀತಿಯೇ ಹೊರತು ಕಾರಣವಲ್ಲ. ಇಂಥ ಪ್ರಮಾಣಪತ್ರದಿಂದ ಅಂಕಿಅಂಶಕ್ಕಾಗಿ ಸಾವಿನ ಕಾರಣಗಳಿಗೆ ಕೋಡ್ ಹಾಕುವವರಿಗೆ ಏನೂ ಸಿಗುವುದಿಲ್ಲ. ಒಂದೇ ಸಾಲಿಗೆ ಎರಡು ಮೂರು ಕಾಯಿಲೆ ತುರುಕಬೇಡಿ. ಸಂಕ್ಷೇಪಾಕ್ಷರವೂ ಬೇಡ: ‘ಎಂಐ’ ಎಂದರೆ ಹೃದಯಾಘಾತವೂ ಆಗಬಹುದು, ಮೈಟ್ರಲ್ ಕವಾಟದ ಸೋರಿಕೆಯೂ ಆಗಬಹುದು.

ಬಿದ್ದು ಪೆಟ್ಟಾದವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮೂಳೆ ಸವೆದಿರುವ (ಆಸ್ಟಿಯೋಪೊರೋಸಿಸ್) 75 ವರ್ಷದ ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಹಾಸಿಗೆ ಹಿಡಿದು, ಮೂರು ವಾರಕ್ಕೆ ನ್ಯುಮೋನಿಯಾದಿಂದ ತೀರಿಕೊಂಡರು ಎನ್ನಿ. ನ್ಯುಮೋನಿಯಾ ಎಂದು ಬರೆದು ಸಹಜ ಸಾವೆಂದು ಗುರುತು ಹಾಕುವುದು ತಪ್ಪು. ಬಿ ಸಾಲಿಗೆ ಮುರಿತ, ಸಿ ಸಾಲಿಗೆ ಜಾರಿ ಬಿದ್ದದ್ದು, ಎರಡನೇ ಭಾಗಕ್ಕೆ ಮೂಳೆ ಸವೆತ ಬರಬೇಕು. ಮೂರು ವಾರ ಕಳೆದಿದ್ದರೂ ಸರಪಳಿ ಕಡಿದಿಲ್ಲ. ಇದು ಅಪಘಾತದ ಸಾವು, ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ ಲೀಗಲ್ ಕೇಸು.